ಅಂತರ್ಯುದ್ಧ ಮುಗಿದು 160 ವರ್ಷ: ಇಲ್ಲಿನವರು ಅದನ್ನು ಇಷ್ಟು ಹತ್ತಿರ ಇಟ್ಟುಕೊಂಡಿರುವುದು ಏಕೆ?

ಹರೀಶ (ಅಟ್ಲಾಂಟಾ)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರು ಕಡೆಯವನು. ಕಳೆದ ವರ್ಷ ಕೆಲಸ ಬದಲಾಗಿ ನ್ಯೂಜೆರ್ಸಿಯಿಂದ ಜಾರ್ಜಿಯಾಕ್ಕೆ ಬಂದೆವು. ನ್ಯೂಜೆರ್ಸಿಯಲ್ಲಿ ಇದ್ದಷ್ಟು ಕಾಲ ಅಮೆರಿಕದ ಅಂತರ್ಯುದ್ಧದ ಮಾತನ್ನು ಯಾರೂ ನನ್ನ ಹತ್ತಿರ ಎತ್ತಿರಲಿಲ್ಲ. ಇಲ್ಲಿ ಅದು ಎಲ್ಲಿ ಹೋದರೂ ಎದುರಾಗುತ್ತದೆ. ರಸ್ತೆ ಬದಿಯ ಫಲಕ, ಕೋರ್ಟ್ ಮುಂದೆ ನಿಂತ ಕಲ್ಲಿನ ಸೈನಿಕ, ಪಿಕಪ್ ಟ್ರಕ್ ಹಿಂದಿನ ಸ್ಟಿಕ್ಕರ್, ಊಟದ ಹೊತ್ತಿನ ಮಾತು.

ಇತ್ತೀಚೆಗೆ ಅಪ್ಪ ಅಮ್ಮ ಬಂದಿದ್ದಾಗ ಸ್ಟೋನ್ ಮೌಂಟನ್‌ಗೆ ಹೋಗಿದ್ದೆವು. ನೋಡದವರಿಗೆ ಹೇಳುತ್ತೇನೆ. ಅದು ಒಂದು ದೊಡ್ಡ ಬೋಳು ಬಂಡೆಯ ಗುಡ್ಡ. ಅದರ ಪಕ್ಕೆಯಲ್ಲಿ ಕುದುರೆ ಮೇಲೆ ಕುಳಿತ ಮೂವರ ಭಾರಿ ಕೆತ್ತನೆ ಇದೆ. ಜೆಫರ್ಸನ್ ಡೇವಿಸ್, ರಾಬರ್ಟ್ ಇ. ಲೀ, ಸ್ಟೋನ್‌ವಾಲ್ ಜಾಕ್ಸನ್. ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಒಕ್ಕೂಟಕ್ಕೆ, ಅಂದರೆ ಕಾನ್ಫೆಡರಸಿಗೆ, ಡೇವಿಸ್ ಅಧ್ಯಕ್ಷ. ಆ ಕಡೆಯವರನ್ನೇ ಕಾನ್ಫೆಡರೇಟ್ ಎನ್ನುವುದು. ಉಳಿದ ಇಬ್ಬರು ಸೇನಾಪತಿಗಳು. ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಬಹಳ ಹೊತ್ತು ನೋಡಿ ಕೇಳಿದರು: “ಇವರು ಸೋತವರಲ್ವೇನೋ? ಸೋತವರನ್ನ ಇಷ್ಟು ದೊಡ್ಡದಾಗಿ ಕೆತ್ತಿಸಿದ್ದು ಯಾರು?” ನನಗೆ ಉತ್ತರ ಗೊತ್ತಿರಲಿಲ್ಲ.

ನನ್ನ ತಂಡದಲ್ಲಿ ಮೇಕನ್ ಊರಿನ ಹತ್ತಿರದ ಒಂದೇ ಕೌಂಟಿಯಿಂದ ಬಂದ ಇಬ್ಬರಿದ್ದಾರೆ. ಒಬ್ಬ ಬಿಳಿಯ. 1864ರಲ್ಲಿ ಉತ್ತರದ ಸೇನಾಪತಿ ಶೆರ್ಮನ್‌ನ ಸೈನ್ಯ ತನ್ನ ಮುತ್ತಜ್ಜನ ಅಪ್ಪನ ಹತ್ತಿ ಗೋದಾಮು ಸುಟ್ಟ ಕತೆಯನ್ನು ನಿನ್ನೆ ನಡೆದ ಹಾಗೆ ಹೇಳುತ್ತಾನೆ. ಇನ್ನೊಬ್ಬರು ಕಪ್ಪು ಹೆಣ್ಣುಮಗಳು. ಸ್ಟೋನ್ ಮೌಂಟನ್‌ಗೆ ಅವರು ಒಮ್ಮೆಯೂ ಹೋಗಿಲ್ಲ, ಹೋಗುವುದೂ ಇಲ್ಲ ಎನ್ನುತ್ತಾರೆ. ಆದರೆ “ನಾನು ದಕ್ಷಿಣದವನು”, “ನಾನು ದಕ್ಷಿಣದವಳು” ಎಂದು ಇಬ್ಬರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇದು ನನಗೆ ಅರ್ಥವಾಗುತ್ತಿಲ್ಲ. ಇಬ್ಬರ ದಕ್ಷಿಣವೂ ಒಂದೇನಾ?

ಮಗಳು ಈಗ ಎಂಟನೇ ತರಗತಿ. ಅವಳಿಗೆ ಜಾರ್ಜಿಯಾದ ಇತಿಹಾಸವೇ ಪಾಠ. ಮನೆಯಲ್ಲಿ ನಾವು ಏನು ಹೇಳಬೇಕು? ಹೊರಗಿನಿಂದ ಬಂದ ನಾವು ಇದರಲ್ಲಿ ಮಾತಾಡಬಹುದಾ, ಸುಮ್ನೆ ಇರಬೇಕಾ? ತುಂಬಾ ವರ್ಷದಿಂದ ಇಲ್ಲಿ ಇರುವವರು ದಯವಿಟ್ಟು ಹೇಳಿ.

ಸುಮಂಗಲಾ (ರಿಚ್ಮಂಡ್)

ಹರೀಶ್ ಅವರೇ, ನಿಮ್ಮ ತಂದೆ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉತ್ತರ ಉದ್ದವಾಗುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ನಾನು ದಾವಣಗೆರೆಯವಳು. ಮದುವೆಯಾಗಿ ಬಂದಾಗಿನಿಂದ ವರ್ಜೀನಿಯಾದ ರಿಚ್ಮಂಡ್‌ನಲ್ಲೇ ಇದ್ದೇನೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಯುದ್ಧದ ಕಾಲದಲ್ಲಿ ಈ ಊರೇ ದಕ್ಷಿಣದವರ ರಾಜಧಾನಿ. ನೀವು ಕೇಳುತ್ತಿರುವುದರ ಮಧ್ಯೆಯೇ ನಾನು ಇಬ್ಬರು ಮಕ್ಕಳನ್ನು ಬೆಳೆಸಿದ್ದೇನೆ.

ಸ್ಟೋನ್ ಮೌಂಟನ್ ಕೆತ್ತನೆ ಯುದ್ಧ ಮುಗಿದ ಕೂಡಲೇ ಆದದ್ದಲ್ಲ. ಅದರ ಯೋಚನೆ ಹುಟ್ಟಿದ್ದು 1910ರ ದಶಕದಲ್ಲಿ. ಮುಂದೆ ನಿಂತವರು ‘ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ’ ಸಂಘದವರು. ಸೋತ ಸೈನಿಕರ ಮನೆತನದ ಹೆಂಗಸರು 1894ರಲ್ಲಿ ಕಟ್ಟಿದ ಸಂಘ ಅದು. ಕಪ್ಪು ಜನರನ್ನು ಹೆದರಿಸಿ ಹಿಂಸಿಸುತ್ತಿದ್ದ ಬಿಳಿಯರ ಗುಂಪು ಕೂ ಕ್ಲಕ್ಸ್ ಕ್ಲಾನ್ 1915ರಲ್ಲಿ ಮತ್ತೆ ಹುಟ್ಟಿಕೊಂಡಿದ್ದೂ ಅದೇ ಗುಡ್ಡದ ತಲೆಯ ಮೇಲೆ, ಶಿಲುಬೆಗೆ ಬೆಂಕಿ ಹಚ್ಚಿ. 1920ರ ದಶಕದಲ್ಲಿ ಕೆತ್ತನೆ ಶುರುವಾಯಿತು. ಶಿಲ್ಪಿಯ ಜೊತೆ ಜಗಳವಾಯಿತು, ದುಡ್ಡು ಸಾಲಲಿಲ್ಲ, 1928ರಲ್ಲಿ ನಿಂತುಹೋಯಿತು. ಆಮೇಲೆ ಎಷ್ಟೋ ವರ್ಷ ಅರ್ಧ ಕೆತ್ತಿದ ಬಂಡೆ ಹಾಗೇ ಬಿದ್ದಿತ್ತು.

ಮತ್ತೆ ಯಾವಾಗ ಜೀವ ಬಂತು ನೋಡಿ. 1954ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇಡುವುದು ತಪ್ಪು ಎಂದು ತೀರ್ಪು ಕೊಟ್ಟಿತು. 1956ರಲ್ಲಿ ಜಾರ್ಜಿಯಾ ತನ್ನ ಬಾವುಟದಲ್ಲಿ ಕಾನ್ಫೆಡರೇಟ್ ಯುದ್ಧದ ಗುರುತನ್ನು ಸೇರಿಸಿತು. 1958ರಲ್ಲಿ ರಾಜ್ಯ ಸರ್ಕಾರವೇ ಆ ಗುಡ್ಡ ಕೊಂಡಿತು. 1964ರಲ್ಲಿ ಕೆಲಸ ಮತ್ತೆ ಶುರುವಾಗಿ 1972ರಲ್ಲಿ ಮುಗಿಯಿತು. ಅಷ್ಟು ಹೊತ್ತಿಗೆ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ನಾಲ್ಕು ವರ್ಷ ಕಳೆದಿತ್ತು. ಕಿಂಗ್ 1963ರ ವಾಷಿಂಗ್ಟನ್ ಭಾಷಣದಲ್ಲಿ ಇದೇ ಗುಡ್ಡದ ಹೆಸರು ಹೇಳಿ, ಅಲ್ಲಿಂದಲೂ ಸ್ವಾತಂತ್ರ್ಯದ ಗಂಟೆ ಮೊಳಗಲಿ ಎಂದಿದ್ದರು. ನಿಮ್ಮ ತಂದೆಗೆ ಹೀಗೆ ಹೇಳಿ: ಕೆತ್ತಿಸಿದವರು ಯುದ್ಧದಲ್ಲಿ ಸೋತವರಲ್ಲ. ಅವರ ಮಕ್ಕಳು ಶುರು ಮಾಡಿದರು. ಮೊಮ್ಮಕ್ಕಳು, ಮರಿಮಕ್ಕಳು ಮುಗಿಸಿದರು. ಅವರ ಕಣ್ಣು ಇದ್ದದ್ದು 1864ರ ಮೇಲಲ್ಲ, ತಮ್ಮ ಕಾಲದ ಕಪ್ಪು ನೆರೆಯವರ ಮೇಲೆ.

ರಿಚ್ಮಂಡ್‌ನಲ್ಲೂ ಇದೇ ಆಯಿತು. ನಮ್ಮಲ್ಲಿ ಮಾನ್ಯುಮೆಂಟ್ ಅವೆನ್ಯೂ ಎಂಬ ಸುಂದರ ರಸ್ತೆ ಇದೆ. ಎರಡು ಬದಿ ದೊಡ್ಡ ಮನೆಗಳು, ನಡುವೆ ಮರಗಳು. 1890ರಲ್ಲಿ ಅಲ್ಲಿ ಲೀಯ ಪ್ರತಿಮೆ ನಿಲ್ಲಿಸಿದಾಗ ಸುತ್ತ ಇನ್ನೂ ಹೊಲವಿತ್ತು. ಪೀಠ ಸೇರಿ ಸುಮಾರು 60 ಅಡಿ ಎತ್ತರ. ಮೊದಲು ಪ್ರತಿಮೆ ಬಂತು, ಆಮೇಲೆ ಅದರ ಸುತ್ತ ಸೈಟುಗಳು ಮಾರಾಟವಾದವು. 1902ರಲ್ಲಿ ವರ್ಜೀನಿಯಾ ಹೊಸ ಸಂವಿಧಾನ ಮಾಡಿಕೊಂಡು, ತಲೆ ತೆರಿಗೆ ಕಟ್ಟಿದವರಿಗಷ್ಟೇ ಮತ ಎಂಬಂಥ ನಿಯಮ ಹಾಕಿ ಕಪ್ಪು ಜನರ ಮತ ಕಿತ್ತುಕೊಂಡಿತು. 1907ರಲ್ಲಿ ಡೇವಿಸ್ ಮತ್ತು ದಕ್ಷಿಣದ ಇನ್ನೊಬ್ಬ ಸೇನಾಪತಿ ಸ್ಟುವರ್ಟ್ ಪ್ರತಿಮೆಗಳು ಬಂದವು, 1919ರಲ್ಲಿ ಜಾಕ್ಸನ್. ಈ ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ದಿನದಿಂದ ಆ ರಸ್ತೆಯಲ್ಲಿ ಕಾರು ಓಡಿಸುವಾಗ ನನಗೆ ಅದು ಬರೀ ಚೆಂದದ ರಸ್ತೆಯಾಗಿ ಕಾಣಲೇ ಇಲ್ಲ.

ಆಗಲೂ ಎಲ್ಲರೂ ಒಪ್ಪಿರಲಿಲ್ಲ. ಜಾನ್ ಮಿಚೆಲ್ ಜೂನಿಯರ್ ಎಂಬ ಕಪ್ಪು ಪತ್ರಕರ್ತ ‘ರಿಚ್ಮಂಡ್ ಪ್ಲಾನೆಟ್’ ಪತ್ರಿಕೆಯ ಸಂಪಾದಕರಾಗಿದ್ದರು. ಗುಲಾಮರ ಮಗನಾಗಿ ಹುಟ್ಟಿ, ನಗರಸಭೆಯ ಸದಸ್ಯರೂ ಆಗಿದ್ದರು. 1890ರಲ್ಲೇ ಅವರು ಬರೆದರು: ಲೀ ಸ್ಮಾರಕ ಎತ್ತಿ ನಿಲ್ಲಿಸಿದ್ದು ಕಪ್ಪು ಕೆಲಸಗಾರ, ಕಾಲ ಬಂದರೆ ಅದನ್ನು ಇಳಿಸಲೂ ಅವನೇ ಇರುತ್ತಾನೆ. 2021ರ ಸೆಪ್ಟೆಂಬರ್ 8ರಂದು ಆ ಪ್ರತಿಮೆಯನ್ನು ಕ್ರೇನ್ ಹಾಕಿ ಇಳಿಸಿದ ಗುತ್ತಿಗೆದಾರ ಡೆವನ್ ಹೆನ್ರಿ. ಕಪ್ಪು ಮನುಷ್ಯ. ಜೀವಭಯ ಇದ್ದದ್ದರಿಂದ ಗುಂಡು ತಡೆಯುವ ಅಂಗಿ ಹಾಕಿಕೊಂಡು ಕೆಲಸ ಮಾಡಬೇಕಾಯಿತು. ನಾನು ಅಂದು ರಜೆ ಹಾಕಿ ಹೋಗಿದ್ದೆ. ನನ್ನ ಪಕ್ಕದಲ್ಲಿ ವಾಕರ್ ಹಿಡಿದು ನಿಂತಿದ್ದ ಒಬ್ಬ ಅಜ್ಜಿ ಮಿಚೆಲ್ ಅವರ ಆ ಮಾತನ್ನು ಬಾಯಿಪಾಠವಾಗಿ ಹೇಳಿದರು. ಸಂಡೆ ಸ್ಕೂಲಿನಲ್ಲಿ ಕಲಿಸಿದ್ದರಂತೆ. 131 ವರ್ಷ ಒಂದು ಮಾತನ್ನು ಮನೆಮನೆಯಲ್ಲಿ ಕಾಪಾಡಿಕೊಂಡು ಬಂದಿದ್ದರು. ನಿಮ್ಮ ಎರಡನೇ ಸಹೋದ್ಯೋಗಿಯ ದಕ್ಷಿಣ ಇದು.

ಇದನ್ನೇ ಜಾಸ್ತಿ ಒತ್ತಿ ಹೇಳಬೇಕು ನಾನು. ‘ದಕ್ಷಿಣ ಸೋತಿತು’ ಎಂದು ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಬೇರೆಯಾದ 11 ರಾಜ್ಯಗಳಲ್ಲಿ ಆಗ ಸುಮಾರು 90 ಲಕ್ಷ ಜನ. ಅದರಲ್ಲಿ 35 ಲಕ್ಷ ಜನ ಗುಲಾಮರು. ಅವರು ಎಲ್ಲಿ ಸೋತರು? ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ಸೈನ್ಯದಲ್ಲಿ ಹೋರಾಡಿದರು. ಅವರಲ್ಲಿ ಹೆಚ್ಚಿನವರು ದಕ್ಷಿಣದಲ್ಲೇ ಹುಟ್ಟಿದವರು. 1865ರ ಏಪ್ರಿಲ್ 3ರಂದು ರಿಚ್ಮಂಡ್ ಬಿದ್ದಾಗ ಮೊದಮೊದಲು ಊರೊಳಗೆ ಬಂದ ತುಕಡಿಗಳಲ್ಲಿ ಕಪ್ಪು ಸೈನಿಕರೂ ಇದ್ದರು. ಮರುವರ್ಷ ಅದೇ ದಿನ ಇಲ್ಲಿನ ಕಪ್ಪು ಜನ ಬಿಡುಗಡೆಯ ಮೆರವಣಿಗೆ ಮಾಡಿದರು. ಹತ್ತರಲ್ಲಿ ನಾಲ್ಕು ಜನಕ್ಕೆ ಗೆಲುವಾದ ಯುದ್ಧವನ್ನು ‘ನಮ್ಮ ಸೋಲು’ ಎಂದು ಕರೆಯಬೇಕಾದರೆ ಆ ನಾಲ್ವರನ್ನು ‘ನಮ್ಮ’ ಎಂಬುದರಿಂದ ಹೊರಗೆ ಹಾಕಬೇಕು. ಪ್ರತಿಮೆಗಳು, ಬಾವುಟ, ಪಠ್ಯಪುಸ್ತಕ ಎಲ್ಲವೂ ಮಾಡಿದ ಕೆಲಸ ಅದೇ.

ಪಠ್ಯಪುಸ್ತಕ ಅಂದೆನಲ್ಲ. ಆ ಹೆಂಗಸರ ಸಂಘ ಕಲ್ಲಿಗಿಂತ ಜಾಸ್ತಿ ದುಡಿದದ್ದು ಶಾಲೆಗಳಲ್ಲಿ. ಯುದ್ಧ ಗುಲಾಮಗಿರಿಗಾಗಿ ನಡೆಯಿತು ಎಂದು ಬರೆದ ಪುಸ್ತಕಗಳನ್ನು ತಿರಸ್ಕರಿಸಿ ಎಂದು ಶಾಲೆಗಳಿಗೂ ಗ್ರಂಥಾಲಯಗಳಿಗೂ ಸೂಚನೆ ಕೊಟ್ಟರು. ‘ರಾಜ್ಯಗಳ ಹಕ್ಕಿಗಾಗಿ ಯುದ್ಧ’ ಎಂದು ಹಲವು ತಲೆಮಾರು ಕಲಿತದ್ದು ಹೀಗೆ. ಆದರೆ ಬೇರೆಯಾಗುವಾಗ ಅವರೇ ಏನು ಹೇಳಿದ್ದರು? ಮಿಸಿಸಿಪ್ಪಿ ತನ್ನ ಘೋಷಣೆಯಲ್ಲಿ, ನಮ್ಮ ನಿಲುವು ಗುಲಾಮಗಿರಿಯ ವ್ಯವಸ್ಥೆಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಎಂದು ನೇರವಾಗಿ ಬರೆಯಿತು. ನಿಮ್ಮ ಜಾರ್ಜಿಯಾದವನೇ ಆದ, ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, 1861ರ ಮಾರ್ಚ್‌ನಲ್ಲಿ ಸವಾನಾದಲ್ಲಿ ಭಾಷಣ ಮಾಡಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ನಮ್ಮ ಸರ್ಕಾರದ ಮೂಲೆಗಲ್ಲು ಎಂದ. ಮಗಳಿಗೆ ಈ ಎರಡನ್ನೂ ಓದಿಸಿ. ಎಂಟನೇ ತರಗತಿಯ ಹುಡುಗಿಗೆ ಅರ್ಥವಾಗುವಷ್ಟು ಸ್ಪಷ್ಟವಾಗಿವೆ.

ಇನ್ನು ನಿಮ್ಮ ಬಿಳಿಯ ಸ್ನೇಹಿತ. ಅವನ ಮನೆಯ ದುಃಖ ಸುಳ್ಳು ಎಂದು ನಾನು ಹೇಳುವುದಿಲ್ಲ. ಶೆರ್ಮನ್ ಅಟ್ಲಾಂಟಾದಿಂದ ಸವಾನಾವರೆಗೆ ದಾರಿಯುದ್ದ ರೈಲು ಹಳಿ ಕಿತ್ತು, ಗಿರಣಿ, ಗೋದಾಮು ಸುಡುತ್ತ ಹೋದದ್ದು ನಿಜ. ಇಲ್ಲಿ ಹಾಲಿವುಡ್ ಸ್ಮಶಾನದಲ್ಲಿ ಸುಮಾರು 18,000 ಕಾನ್ಫೆಡರೇಟ್ ಸೈನಿಕರನ್ನು ಹೂಳಿದ್ದಾರೆ. ಅವರ ನೆನಪಿಗೆ 1869ರಲ್ಲಿ 90 ಅಡಿಯ ಕಲ್ಲಿನ ಪಿರಮಿಡ್ ಕಟ್ಟಿದರು. ಊರಿನ ಹೆಂಗಸರು ದುಡ್ಡು ಕೂಡಿಸಿ ಕಟ್ಟಿಸಿದ್ದು. ಸೇನಾಪತಿಯ ಮುಖ ಇಲ್ಲ, ಕುದುರೆ ಇಲ್ಲ, ಗಾರೆಯಿಲ್ಲದೆ ಪೇರಿಸಿದ ಕಲ್ಲು. ನಾನು ಅಲ್ಲಿ ತಲೆ ತಗ್ಗಿಸಿ ನಿಂತಿದ್ದೇನೆ, ಮುಂದೆಯೂ ನಿಲ್ಲುತ್ತೇನೆ. ಸತ್ತವರ ನಡುವೆ ತಾಯಂದಿರು ಕಟ್ಟಿದ ಕಲ್ಲಿಗೂ, ಇಪ್ಪತ್ತು ವರ್ಷದ ಮೇಲೆ ನಾಲ್ಕು ದಾರಿ ಸೇರುವಲ್ಲಿ ನಿಲ್ಲಿಸಿದ ಲೀಗೂ ನನ್ನ ಮಟ್ಟಿಗೆ ಬಹಳ ವ್ಯತ್ಯಾಸವಿದೆ.

ಅದೇ ಊರಿನ ಇನ್ನೊಂದು ಸ್ಮಶಾನ ಎವರ್‌ಗ್ರೀನ್. 1903ರಲ್ಲಿ ಬ್ಯಾಂಕ್ ಸ್ಥಾಪಿಸಿದ ಕಪ್ಪು ಮಹಿಳೆ ಮ್ಯಾಗಿ ವಾಕರ್ ಅವರ ಗೋರಿ ಅಲ್ಲಿದೆ. ಜಾನ್ ಮಿಚೆಲ್ ಅವರದೂ ಅಲ್ಲೇ. ದಶಕಗಟ್ಟಲೆ ವರ್ಜೀನಿಯಾ ಸರ್ಕಾರ ಕಾನ್ಫೆಡರೇಟ್ ಗೋರಿಗಳ ಆರೈಕೆಗೆ ಹಣ ಕೊಟ್ಟಿತು. ಎವರ್‌ಗ್ರೀನ್ ಮತ್ತು ಪಕ್ಕದ ಈಸ್ಟ್ ಎಂಡ್ ಸ್ಮಶಾನಗಳಿಗೆ ಅಂಥ ನೆರವಿನ ಕಾನೂನು ಬಂದದ್ದು 2017ರಲ್ಲಿ. ಅಷ್ಟರಲ್ಲಿ ಅಲ್ಲಿ ಕಾಡೇ ಬೆಳೆದಿತ್ತು. ನಾನೂ ನನ್ನ ಮಗನೂ ಶನಿವಾರ ಬಳ್ಳಿ ಕೊಯ್ಯಲು ಹೋಗುತ್ತಿದ್ದೆವು. ಐವಿ ಬಳ್ಳಿ ಎಳೆದರೆ ಕೆಳಗೆ ಕಲ್ಲು, ಕಲ್ಲಿನ ಮೇಲೆ ಹೆಸರು. ಕೆಲವದರಲ್ಲಿ ಹುಟ್ಟಿದ ವರ್ಷ 1865ಕ್ಕಿಂತ ಹಿಂದಿನದು. ಅಂದರೆ ಗುಲಾಮರಾಗಿ ಹುಟ್ಟಿ ಸ್ವತಂತ್ರರಾಗಿ ಸತ್ತವರು. ನೆನಪಿಗೂ ಸರ್ಕಾರದ ದುಡ್ಡಿಗೂ ಏನು ಸಂಬಂಧ ಎಂದು ನನ್ನ ಮಗ ಯಾವ ಪಾಠಕ್ಕಿಂತ ಚೆನ್ನಾಗಿ ಅಲ್ಲಿ ಕಲಿತ.

ನಾವು ಮಾತಾಡಬಹುದಾ ಎಂದು ಕೇಳಿದ್ದೀರಿ. ಖಂಡಿತ ಮಾತಾಡಬಹುದು. ನನ್ನ ಮಕ್ಕಳು ರಿಚ್ಮಂಡ್‌ನಲ್ಲೇ ಹುಟ್ಟಿದವರು. ಹುಟ್ಟುವಾಗ ನಾವಿಬ್ಬರೂ ವೀಸಾದಲ್ಲಿ ಇದ್ದೆವು. ಆದರೂ ಅವರು ಹುಟ್ಟಿನಿಂದಲೇ ಈ ದೇಶದ ಪ್ರಜೆಗಳು. ಅದು 1868ರ ಹದಿನಾಲ್ಕನೇ ತಿದ್ದುಪಡಿಯಿಂದ. ಬಿಡುಗಡೆಯಾದ ಗುಲಾಮರನ್ನು ಪ್ರಜೆಗಳಲ್ಲ ಎಂದು ಯಾರೂ ಹೇಳಬಾರದೆಂದು ಯುದ್ಧದ ಬೆನ್ನಿಗೇ ಬಂದ ಕಾನೂನು ಅದು. ನಮ್ಮಂಥ ಸಾವಿರಾರು ಕನ್ನಡದ ಮನೆಗಳ ಮಕ್ಕಳು ಅದರ ನೆರಳಿನಲ್ಲಿದ್ದಾರೆ. ಈಗ ಆ ತಿದ್ದುಪಡಿಯ ಅರ್ಥವನ್ನೇ ಬದಲಿಸಬೇಕೆಂಬ ವಾದ ಮತ್ತೆ ಎದ್ದಿದೆ. ಹಾಗಿರುವಾಗ ಈ ಯುದ್ಧ ನಮಗೆ ಸಂಬಂಧವಿಲ್ಲ ಎಂದು ನಾವು ಹೇಗೆ ಹೇಳುವುದು?

ಎಲ್ಲ ಮುಗಿಯಿತು ಅಂತಲೂ ಅಂದುಕೊಳ್ಳಬೇಡಿ. ನಮ್ಮ ಹತ್ತಿರದ ಫೋರ್ಟ್ ಲೀ ಸೇನಾ ನೆಲೆಗೆ 2023ರಲ್ಲಿ ಇಬ್ಬರು ಕಪ್ಪು ಸೇನಾಧಿಕಾರಿಗಳ ಹೆಸರಿಟ್ಟು ಫೋರ್ಟ್ ಗ್ರೆಗ್-ಆಡಮ್ಸ್ ಮಾಡಿದರು. 2025ರಲ್ಲಿ ಮತ್ತೆ ಫೋರ್ಟ್ ಲೀ ಆಯಿತು. ಈ ಲೀ ಬೇರೆ, ಫಿಟ್ಜ್ ಲೀ ಎಂಬ ಕಪ್ಪು ಸೈನಿಕ ಎಂದು ಸರ್ಕಾರ ಹೇಳುತ್ತದೆ. ಫಲಕದಲ್ಲಿ ಓದುವ ಹೆಸರು ಮಾತ್ರ ಹಳೆಯದೇ. 2024ರಲ್ಲಿ ಶೆನಾಂಡೋವಾ ಕೌಂಟಿಯ ಶಾಲಾ ಮಂಡಳಿ ತಾನೇ ತೆಗೆದಿದ್ದ ಸ್ಟೋನ್‌ವಾಲ್ ಜಾಕ್ಸನ್ ಹೆಸರನ್ನು ಹೈಸ್ಕೂಲಿಗೆ ಮತ್ತೆ ಇಟ್ಟಿತು. ಅಲ್ಲಿ ಓದುವ ಕಪ್ಪು ಮಕ್ಕಳು ಆ ಹೆಸರಿನ ಅಂಗಿ ಹಾಕಿಕೊಂಡು ಆಟಕ್ಕೆ ಇಳಿಯಬೇಕಾಯಿತು. ನನಗೆ ಇದು ನೋವಿನ ವಿಷಯ.

ಪ್ರವೀಣ (ಹಂಟ್ಸ್‌ವಿಲ್, ಅಲಬಾಮಾ)

ಸುಮಂಗಲಾ ಮೇಡಂ ಚೆನ್ನಾಗಿ ಬರೆದಿದ್ದಾರೆ. ಆದರೆ ಒಂದು ವಿಷಯ ಸೇರಿಸಬೇಕು ಅನ್ನಿಸಿತು. ಬಿಳಿಯರ ದಕ್ಷಿಣವೂ ಒಂದೇ ಅಲ್ಲ.

ನಾನಿರುವ ಉತ್ತರ ಅಲಬಾಮಾದಿಂದ ಸ್ವಲ್ಪ ದೂರ ಹೋದರೆ ವಿನ್‌ಸ್ಟನ್ ಕೌಂಟಿ ಸಿಗುತ್ತದೆ. ಗುಡ್ಡದ ನಾಡು. ಹತ್ತಿ ಬೆಳೆಯುವ ದೊಡ್ಡ ಎಸ್ಟೇಟ್ ಇಲ್ಲ, ಗುಲಾಮರನ್ನು ಇಟ್ಟುಕೊಂಡವರೂ ತೀರಾ ಕಡಿಮೆ. ಅಲಬಾಮಾ ದೇಶ ಬಿಟ್ಟಾಗ ಇಲ್ಲಿನ ಬಡ ರೈತರು ‘ಸಾಹುಕಾರರ ಯುದ್ಧಕ್ಕೆ ನಾವೇಕೆ ಸಾಯಬೇಕು’ ಎಂದು ತಿರುಗಿ ನಿಂತರು. ಈ ಗುಡ್ಡಗಳಿಂದ ಎಷ್ಟೋ ಜನ ಉತ್ತರದ ಸೈನ್ಯ ಸೇರಿದರು. ಅವರ ಕುದುರೆ ದಳ ಫಸ್ಟ್ ಅಲಬಾಮಾ ಕ್ಯಾವಲ್ರಿ ಜಾರ್ಜಿಯಾದಲ್ಲಿ ಶೆರ್ಮನ್ ಜೊತೆಗೇ ಇತ್ತು. ಹರೀಶ್, ನಿಮ್ಮ ಸ್ನೇಹಿತನ ಗೋದಾಮಿನ ದಾರಿಯಲ್ಲಿ ಹೋದ ಸೈನ್ಯದಲ್ಲಿ ಅಲಬಾಮಾದ ಬಿಳಿ ಹುಡುಗರೂ ಇದ್ದರು! ಡಬಲ್ ಸ್ಪ್ರಿಂಗ್ಸ್ ಊರಿನ ಕೋರ್ಟ್ ಮುಂದೆ ಒಂದು ಪ್ರತಿಮೆ ಇದೆ. ಒಬ್ಬನೇ ಸೈನಿಕ, ಅರ್ಧ ಉತ್ತರದ ಸಮವಸ್ತ್ರ, ಅರ್ಧ ದಕ್ಷಿಣದ್ದು. 1987ರಲ್ಲಿ ಇಟ್ಟದ್ದು. ಇಡೀ ದಕ್ಷಿಣದಲ್ಲಿ ನನಗೆ ಇಷ್ಟವಾದ ಯುದ್ಧ ಸ್ಮಾರಕ ಅದೊಂದೇ. ವರ್ಜೀನಿಯಾದ ಗುಡ್ಡಗಾಡು ಇದೇ ಜಗಳದಲ್ಲಿ 1863ರಲ್ಲಿ ವೆಸ್ಟ್ ವರ್ಜೀನಿಯಾ ಎಂಬ ಬೇರೆ ರಾಜ್ಯವೇ ಆಯಿತು.

ಆದರೆ ಈಗ ಅದೇ ವೆಸ್ಟ್ ವರ್ಜೀನಿಯಾದಲ್ಲೂ ಮನೆ ಮುಂದೆ ಕಾನ್ಫೆಡರೇಟ್ ಬಾವುಟ ನೋಡಿದ್ದೇನೆ. ತಮ್ಮ ರಾಜ್ಯ ಹುಟ್ಟಿದ್ದೇ ಆ ಬಾವುಟ ಬೇಡ ಅಂದದ್ದರಿಂದ. ಅಜ್ಜನ ನೆನಪು ಹೋಗಿ, ಪುಸ್ತಕದಿಂದ, ಮೆರವಣಿಗೆಯಿಂದ ಬಂದ ನೆನಪು ಅಲ್ಲಿ ಕೂತಿದೆ.

ಇನ್ನೊಂದು ಮಾತು. ಇಲ್ಲಿನ ಬಹಳ ಜನಕ್ಕೆ ದಕ್ಷಿಣ ಎಂದರೆ ಚರ್ಚ್, ಫುಟ್‌ಬಾಲ್, ಬೆಂಡೆಕಾಯಿ ಫ್ರೈ, ಬಾಗಿಲಿಗೆ ಬಂದವರನ್ನು ಕೂರಿಸಿ ಮಾತಾಡಿಸುವುದು. ನನ್ನ ನೆರೆಯವರು ಯುದ್ಧದ ಮಾತೇ ಆಡುವುದಿಲ್ಲ. ಅವರನ್ನು ಯುದ್ಧದಿಂದಲೇ ಅಳೆಯುವುದು ನ್ಯಾಯವಲ್ಲ. ಹಾಗೆಂದು ಸರ್ಕಾರ ಮರೆತಿಲ್ಲ. ಅಲಬಾಮಾದಲ್ಲಿ ಜನವರಿಯ ಮಾರ್ಟಿನ್ ಲೂಥರ್ ಕಿಂಗ್ ರಜೆ ರಾಬರ್ಟ್ ಲೀಯ ಹುಟ್ಟುಹಬ್ಬವೂ ಹೌದು. ಏಪ್ರಿಲ್‌ನಲ್ಲಿ ಕಾನ್ಫೆಡರೇಟ್ ಸೈನಿಕರ ನೆನಪಿಗೆ ಒಂದು ರಜೆ, ಜೂನ್‌ನಲ್ಲಿ ಜೆಫರ್ಸನ್ ಡೇವಿಸ್ ಹುಟ್ಟುಹಬ್ಬಕ್ಕೆ ಇನ್ನೊಂದು. ನಿಮ್ಮ ಜಾರ್ಜಿಯಾ ಏಪ್ರಿಲ್ ರಜೆಯ ಹೆಸರನ್ನು 2015ರಲ್ಲಿ ‘ರಾಜ್ಯ ರಜೆ’ ಎಂದು ಬದಲಿಸಿತು.

ಗಣಪತಿ (ಕುಮಟಾ)

ನಾನು ಅಮೆರಿಕ ನೋಡಿದವನಲ್ಲ. ಆದರೆ ಈ ಮಾತು ಓದುತ್ತ ಕೂತಾಗ ನಮ್ಮೂರ ಹಳೆ ಬಂದರು ಕಣ್ಣ ಮುಂದೆ ಬಂತು. ಈ ಯುದ್ಧ ನಮ್ಮ ಜಿಲ್ಲೆಯ ಗಡಿಯನ್ನೇ ಬದಲಿಸಿದೆ. ನಮ್ಮವರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿಲ್ಲ.

1861ರಲ್ಲಿ ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಮ್ಯಾಂಚೆಸ್ಟರ್ ಗಿರಣಿಗಳಿಗೆ ಬರುತ್ತಿದ್ದ ಅಮೆರಿಕದ ಹತ್ತಿ ನಿಂತಿತು. ಬ್ರಿಟಿಷರ ಕಣ್ಣು ಧಾರವಾಡದ ಕಡೆ ತಿರುಗಿತು. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ಹಾಕಿ ಬೆಳೆಯುತ್ತಿದ್ದರು. ‘ಧಾರವಾಡ ಅಮೆರಿಕನ್’ ಎಂದೇ ಆ ಹತ್ತಿಗೆ ಹೆಸರು. ಊರಿನ ಹಳೆಯ ತಳಿಗೆ ವ್ಯಾಪಾರಿಗಳು ಇಟ್ಟ ಹೆಸರು ‘ಕುಮಟಾ ಹತ್ತಿ’. ಬೆಳೆಯುತ್ತಿದ್ದದ್ದು ಘಟ್ಟದ ಮೇಲೆ, ಹಡಗು ಹತ್ತುತ್ತಿದ್ದದ್ದು ನಮ್ಮಲ್ಲಿ. ಅದಕ್ಕೇ ಆ ಹೆಸರು.

ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ನಮ್ಮ ಕರಾವಳಿ ಮದ್ರಾಸ್ ಪ್ರಾಂತ್ಯದಲ್ಲಿ. ಘಟ್ಟದ ರಸ್ತೆ, ಬಂದರು ಯಾವುದೂ ಬೇಗ ಆಗುತ್ತಿಲ್ಲ ಎಂದು ಹತ್ತಿ ವ್ಯಾಪಾರಿಗಳು ಒತ್ತಾಯ ಮಾಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್‌ನಿಂದ ತೆಗೆದು ಮುಂಬಯಿಗೆ ಸೇರಿಸಿದರು. ಕಾರವಾರವನ್ನು ದೊಡ್ಡ ಬಂದರು ಮಾಡುವ ಆಸೆ. ಮ್ಯಾಂಚೆಸ್ಟರ್‌ನ ಒಂದು ಕಂಪನಿ ಸದಾಶಿವಗಡಕ್ಕೆ ಜನ, ಯಂತ್ರ ಕಳಿಸಿತು. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂತು. ಹತ್ತಿ ಬೆಲೆ ಕುಸಿಯಿತು, ಮುಂಬಯಿಯಲ್ಲಿ ಬ್ಯಾಂಕುಗಳೇ ಮುಳುಗಿದವು. ಆಮೇಲೆ 1880ರ ದಶಕದಲ್ಲಿ ರೈಲು ಹುಬ್ಬಳ್ಳಿಯಿಂದ ಗೋವಾದ ಮಾರ್ಮಗೋವಾಕ್ಕೆ ಹೋಯಿತು. ಹತ್ತಿಯೂ ಅದರ ಹಿಂದೆ ಹೋಯಿತು.

ಗಡಿ ಮಾತ್ರ ಹಾಗೇ ಉಳಿಯಿತು. ದಕ್ಷಿಣ ಕನ್ನಡ ಮದ್ರಾಸ್‌ನಲ್ಲಿ, ನಾವು ಮುಂಬಯಿಯಲ್ಲಿ, 1956ರವರೆಗೆ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಹಳೆಯ ಮನೆಗಳಲ್ಲಿ ಓದಿಗೂ ಕೆಲಸಕ್ಕೂ ಮೊದಲ ದಾರಿ ಮುಂಬಯಿ ಆದದ್ದಕ್ಕೆ ಇದೂ ಒಂದು ಕಾರಣ. ಮಂಗಳೂರಿನವರು ಮದ್ರಾಸಿಗೆ ಓದಲು ಹೋದರು. ಒಂದೇ ಕರಾವಳಿ, ಎರಡು ದಿಕ್ಕು. ಸುಮಂಗಲಾ ಅವರು ಅಲ್ಲಿನ ನೆನಪನ್ನು ಜನ ಕೂತು ಕಟ್ಟಿದರು ಎನ್ನುತ್ತಾರೆ. ನಮ್ಮಲ್ಲಿ ಯಾರೂ ಏನೂ ಕಟ್ಟಲಿಲ್ಲ, ಹಾಗಾಗಿ ಇಷ್ಟು ದೊಡ್ಡ ವಿಷಯ ಶಾಲೆಯ ಪಾಠದಲ್ಲೂ ಇಲ್ಲ. ಆಗ ಹತ್ತಿಯ ಬೆಲೆ ನಂಬಿ ಸಾಲ ಮಾಡಿ ಮುಳುಗಿದ ಧಾರವಾಡದ ರೈತರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಹರೀಶ (ಅಟ್ಲಾಂಟಾ)

ಮೂವರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಫೋನಿನಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಧಾರವಾಡದ ಹತ್ತಿಯ ವಿಷಯ ಕೇಳಿ ಅವರು ಇನ್ನೂ ಹತ್ತು ಪ್ರಶ್ನೆ ಕೇಳಿದರು. ಗಣಪತಿಯವರೇ, ಅವರಿಗೆ ನಿಮ್ಮ ಜೊತೆ ಮಾತಾಡಬೇಕಂತೆ.

ಸುಮಂಗಲಾ ಅಕ್ಕ, ಮಗಳನ್ನು ಕರೆದುಕೊಂಡು ಹೋಗಿ ತೋರಿಸುವಂಥದ್ದು ಅಟ್ಲಾಂಟಾದಲ್ಲೇ ಏನಾದರೂ ಇದೆಯಾ? ಪುಸ್ತಕ ಕೊಟ್ಟರೆ ಓದುವುದಿಲ್ಲ ಅವಳು.

ಸುಮಂಗಲಾ (ರಿಚ್ಮಂಡ್)

ಇದೆ ಹರೀಶ್. ಅಟ್ಲಾಂಟಾ ಹಿಸ್ಟರಿ ಸೆಂಟರ್‌ನಲ್ಲಿ ‘ಸೈಕ್ಲೊರಾಮಾ’ ನೋಡಿಸಿ. 1864ರ ಅಟ್ಲಾಂಟಾ ಕಾಳಗದ ಭಾರಿ ವರ್ಣಚಿತ್ರ. ನಡುವೆ ನಿಂತರೆ ಸುತ್ತಲೂ ಅದೇ. 49 ಅಡಿ ಎತ್ತರ. 1886ರಲ್ಲಿ ಮಿಲ್ವಾಕಿಯಲ್ಲಿ ಜರ್ಮನ್ ಕಲಾವಿದರು ಬರೆದದ್ದು, ಉತ್ತರದ ಜನರಿಗೆ ಅವರ ಗೆಲುವು ತೋರಿಸಲು. 1892ರಲ್ಲಿ ಅಟ್ಲಾಂಟಾಕ್ಕೆ ಬಂತು. ಇಲ್ಲಿ ಅದನ್ನು ದಕ್ಷಿಣದ ಗೆಲುವು ಎಂದು ಜಾಹೀರಾತು ಮಾಡಿದರು. ಸೆರೆ ಸಿಕ್ಕ ಕಾನ್ಫೆಡರೇಟ್ ಸೈನಿಕರ ಬೂದು ಬಟ್ಟೆಗೆ ನೀಲಿ ಬಳಿದು, ಓಡಿಹೋಗುವ ಉತ್ತರದವರಂತೆ ತೋರಿಸಿದರು. ಬಣ್ಣವನ್ನು ಆಮೇಲೆ ಸರಿಪಡಿಸಿದ್ದಾರೆ. 2019ರಿಂದ ಈ ಹೊಸ ಜಾಗದಲ್ಲಿ ಚಿತ್ರದ ಜೊತೆ ಈ ತಿದ್ದುಪಡಿಯ ಕತೆಯನ್ನೂ ಹೇಳುತ್ತಾರೆ.

ಹೋಗುವ ಮೊದಲು ಅವಳಿಗೆ ಏನೂ ಹೇಳಬೇಡಿ. ನೋಡಲಿ, ಯಾರು ಗೆದ್ದಂತೆ ಕಾಣುತ್ತದೆ ಎಂದು ಕೇಳಿ. ಆಮೇಲೆ ಕತೆ ಹೇಳಿ. ಸಾಧ್ಯವಾದರೆ ನಿಮ್ಮ ಆ ಸಹೋದ್ಯೋಗಿಗಳಿಬ್ಬರನ್ನೂ ಕೇಳಿ ನೋಡಿ, ಜೊತೆಗೆ ಬರುತ್ತೀರಾ ಎಂದು. ಸ್ಟೋನ್ ಮೌಂಟನ್‌ಗೆ ಬರಲು ಮನಸ್ಸಿಲ್ಲದವರು ಇಲ್ಲಿಗೆ ಬರಬಹುದು. ರಿಚ್ಮಂಡ್ ಕಡೆ ಬಂದರೆ ಮೊದಲೇ ತಿಳಿಸಿ. ಶಾಕೋ ಬಾಟಮ್‌ನಲ್ಲಿ ಗುಲಾಮರನ್ನು ಮಾರುವ ಮೊದಲು ಕೂಡಿಹಾಕುತ್ತಿದ್ದ ಲಂಪ್ಕಿನ್ ಜೈಲಿನ ಜಾಗ ಇದೆ. ಅದರ ಮಾಲೀಕನ ಮನೆಯಲ್ಲೇ ಗುಲಾಮಳಾಗಿದ್ದ ಮೇರಿ ಲಂಪ್ಕಿನ್, ಯುದ್ಧ ಮುಗಿದ ಮೇಲೆ 1867ರಲ್ಲಿ ಅದನ್ನು ಬಿಡುಗಡೆಯಾದವರ ಶಾಲೆಗೆ ಬಾಡಿಗೆಗೆ ಕೊಟ್ಟಳು. ಆ ಶಾಲೆ ಬೆಳೆದು ಇಂದಿನ ವರ್ಜೀನಿಯಾ ಯೂನಿಯನ್ ವಿಶ್ವವಿದ್ಯಾಲಯವಾಗಿದೆ. ಮಗಳನ್ನು ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಊಟ ನಮ್ಮ ಮನೆಯಲ್ಲೇ ಮಾಡಿ.